ಹಣೆಗೆ ಕಟ್ಟಿಕೊಂಡ ಆಟದ ಪೆಟ್ಟಿಗೆ

ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ. ಆತ ಮರುಪ್ರಶ್ನೆ ಕೇಳುವುದಿಲ್ಲ. ಇಂಜಿನಿಯರಿಂಗ್ ಓದಿದ ಮಗಳ ಮುಂದೆ ಒಪ್ಪಿಕೊಳ್ಳಲು ಮಾತ್ರ ನನಗೆ ಇವತ್ತಿಗೂ ಬಾಯಿ ಬಂದಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಮೂವತ್ತು ವರ್ಷ ಹಾರ್ಬರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದವನು. ಹಾಗಾಗಿ ಜಗತ್ತಿನಲ್ಲಿ ನನಗೆ ತಿಳಿಯದ ಯಂತ್ರವೇ ಇರಲಿಲ್ಲ.

ಮಗಳು ಶೈಲಜಾ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು, ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ, ಎದುರಿಗೆ ಎರಡು ಭೂತಗನ್ನಡಿ ಅಂಟಿಸಿದ್ದಳು. ಹಣೆಗೆ ತಾಗುವ ಕಡೆ ತಲೆಯ ಚಲನೆ ಅರಿಯುವ ಸೆನ್ಸರ್. ಪೆಟ್ಟಿಗೆಯನ್ನು ಮುಖಕ್ಕೆ ಕಟ್ಟಿಕೊಂಡು ಎಡಕ್ಕೆ ತಿರುಗಿದರೆ ಆಟದ ರಸ್ತೆಯೂ ಎಡಕ್ಕೆ ತಿರುಗುತ್ತಿತ್ತು. ವಿದೇಶದಲ್ಲಿ ಲಕ್ಷಗಟ್ಟಲೆ ಕೊಟ್ಟು ನೋಡುವ ಮಾಯಾಲೋಕ ಹಾರ್ಬರ್ ಬದಿಯ ನಮ್ಮ ರಾಯಪುರಂನವರಿಗೂ ಸಿಗಬೇಕೆಂಬುದು ಅವಳ ಆಸೆ. “ಅಪ್ಪಾ, ತೊಡಾದೀಂಗ! ಪರೀಕ್ಷೆ ಮುಗಿಯೋವರೆಗೂ ಮುಟ್ಟಲೇಬೇಡಿ” ಎಂದು ತಮಿಳಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದ್ದಳು. ಮುಟ್ಟಬೇಡ ಎಂದದ್ದನ್ನು ಮುಟ್ಟದೆ ಬಿಡಲು ನಾನೇನು ಸನ್ಯಾಸಿಯೇ?

ಪರೀಕ್ಷೆಗೆ ಎರಡೇ ದಿನವಿತ್ತು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಪೆಟ್ಟಿಗೆ ಕಟ್ಟಿಕೊಂಡೆ. ಮೊದಲ ತಿರುವಿನಲ್ಲೇ ರಸ್ತೆ ಗರಗರ ಸುತ್ತಿ ಮಾಯವಾಯಿತು. ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು, ಪರಮ ಸಜ್ಜನನಂತೆ ಪೇಪರು ಹಿಡಿದು ಕುಳಿತೆ.

“ಸೆನ್ಸರ್ ಮೇಲೆ ಏನಪ್ಪಾ ಇದು, ಬೆಳ್ಳಗೆ?” ಶೈಲಜಾ ಅಳುವಂತಾಗಿದ್ದಳು.

“ಸಮುದ್ರದ ಉಪ್ಪುಗಾಳಿ ಕಣಮ್ಮಾ. ಕಿಟಕಿ ಸರಳನ್ನೇ ತಿಂದುಹಾಕತ್ತೆ, ಇದ್ಯಾವ ಲೆಕ್ಕ? ಹಾರ್ಬರಿನಲ್ಲಿ ನಾನು ನೋಡದ ಉಪ್ಪೇ?”

ಪಾಪ, ನಂಬಿದಳು. ಊಟ ಬಿಟ್ಟು ಹೊಸ ಸೆನ್ಸರ್ ಬೆಸುಗೆ ಹಾಕಿ, ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ಕಡಲತೀರದ ಉಪ್ಪಿನಿಂದ ರಕ್ಷಣೆ ಎಂದು ವರದಿಗೆ ಒಂದು ಅಧ್ಯಾಯವನ್ನೇ ಸೇರಿಸಿ, ಉಪ್ಪನ್ನು ಕಂಡುಹಿಡಿದವರು ಅಪ್ಪ ಎಂದೂ ಬರೆದಳು. ನನ್ನ ಸುಳ್ಳಿಗೆ ಚಿತ್ರಗಳೂ ಬಂದವು, ಪುಟಸಂಖ್ಯೆಯೂ ಬಂತು.

ಪರೀಕ್ಷೆಯ ದಿನ ಪೆಟ್ಟಿಗೆ ಹೊತ್ತು ಜೊತೆಗೆ ಹೋದೆ. ಪರೀಕ್ಷಕರಿಗೆ ಆ ಅಧ್ಯಾಯವೇ ಹಿಡಿಸಿಬಿಡಬೇಕೇ? “ಉಪ್ಪು ಕಂಡುಹಿಡಿದ ಅಪ್ಪ ನೀವೇನಾ ಸಾರ್? ಬನ್ನಿ, ನೀವೇ ಹಾಕ್ಕೊಂಡು ತೋರಿಸಿ” ಎಂದು ತಮಿಳಿನಲ್ಲಿ ಕರೆದರು.

ಪೆಟ್ಟಿಗೆ ಇನ್ನೊಮ್ಮೆ ಕೆಟ್ಟರೆ ಮಗಳ ವರ್ಷವೇ ಹೋಗುತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ಇತ್ತು, ನಿಜ. ಆದರೆ ನನ್ನ ಹಣೆಯ ಮೇಲೆ ನನಗೇ ಭರವಸೆ ಉಳಿದಿರಲಿಲ್ಲ. ಹುಟ್ಟಿದಾಗಿನಿಂದ ವಿಭೂತಿಯನ್ನು ಕೈಯಾರೆ ಅಳಿಸದ ನಾನು, ಹೆಗಲ ಟವೆಲ್ಲಿನಿಂದ ಹಣೆಯನ್ನು ಪರಪರ ಉಜ್ಜಿಕೊಂಡೆ.

ಶೈಲಜಾ ಟವೆಲ್ ನೋಡಿದಳು. ನನ್ನ ಬೋಳು ಹಣೆ ನೋಡಿದಳು. ಪೆಟ್ಟಿಗೆಯ ಪಟ್ಟಿಯನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಬಿಗಿಯುತ್ತ ಕಿವಿಯಲ್ಲಿ ಕೇಳಿದಳು: “ಉಪ್ಪು ಪೂರ್ತಿ ಹೋಯ್ತಾ, ಅಪ್ಪಾ?”

ನಾನು ಎಡಕ್ಕೆ ತಿರುಗಿದೆ, ರಸ್ತೆಯೂ ತಿರುಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಕು, ತೆಗೆಯಿರಿ ಎಂದರೂ ನಾನು ತೆಗೆಯಲಿಲ್ಲ. ಅಷ್ಟು ಅಗ್ಗದಲ್ಲಿ ಮುಖ ಮುಚ್ಚಿಕೊಳ್ಳುವ ಅನುಕೂಲ ಬೇರೆಲ್ಲಿ ಸಿಕ್ಕೀತು?