ನನ್ನ ಬೆನ್ನಿಗೊಂದು ಹೊಸ ಹ್ಯಾಂಡಲ್

ನನಗೂ ನನ್ನ ಮೋಟಾರ್ ಬೈಕಿಗೂ ಇರುವ ಸಂಬಂಧ ನನ್ನ ಮದುವೆಗಿಂತ ಹಳೆಯದು. ಈ ಮಾತನ್ನು ಹೆಂಡತಿಯ ಮುಂದೆ ಒಂದೇ ಒಂದು ಸಲ ಆಡಿದ್ದೆ. ಅವತ್ತಿನಿಂದ ಅವಳು ಅದನ್ನು "ನಿಮ್ಮ ಮೊದಲನೆಯವಳು" ಎಂದೇ ಕರೆಯುತ್ತಾಳೆ.

ಹರೆಯದಲ್ಲಿ ಶೋಕಿಗೆಂದು ಅದಕ್ಕೆ ತಗ್ಗಿನ ಹ್ಯಾಂಡಲ್ ಹಾಕಿಸಿದ್ದೆ. ಹಿಡಿಯಬೇಕಾದರೆ ಟ್ಯಾಂಕಿನ ಮೇಲೆ ಮಲಗಬೇಕು. ಆಗ ನಾನು ಬಗ್ಗಿದರೆ ರೇಸಿಗೆ ಹೊರಟಿದ್ದಾನೆ ಅನ್ನುತ್ತಿದ್ದರು. ಈಗ ಬಗ್ಗಿದರೆ ಪಾಪ, ಏನೋ ಬೀಳಿಸಿಕೊಂಡಿದ್ದಾನೆ ಅನ್ನುತ್ತಾರೆ. ಅದನ್ನಾದರೂ ಸಹಿಸಬಹುದಿತ್ತು. ಆದರೆ ನನಗೂ ಟ್ಯಾಂಕಿಗೂ ನಡುವೆ ಹೊಟ್ಟೆ ಎಂಬ ಮೂರನೆಯ ವ್ಯಕ್ತಿಯ ಪ್ರವೇಶವಾಗಿ, ಸಂಜೆ ಆಫೀಸಿನಿಂದ ಬಂದು ಗಾಡಿಯಿಂದ ಇಳಿಯುವುದೇ ಒಂದು ಮಹಾಸಾಹಸವಾಗಿತ್ತು. ದಿನಾ ಇಳಿಯುವಾಗ "ಅಮ್ಮಾ" ಎನ್ನುತ್ತಿದ್ದೆ. ಬೀದಿಯ ಮಕ್ಕಳೆಲ್ಲ ಅದು ಬೈಕಿನದೇ ಸದ್ದು ಎಂದುಕೊಂಡಿದ್ದರು.

ನನ್ನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಬಡಾವಣೆಗೆಲ್ಲ ಬಟ್ಟೆ ಹೊಲಿಯುತ್ತಾಳೆ. ಕಿಟಕಿಯಿಂದ ನನ್ನ ಅವರೋಹಣ ನೋಡಿ ನೋಡಿ ಅವಳಿಗೂ ಸಾಕಾಗಿತ್ತು.

"ರೀ, ದಿನಾ ನಿಮ್ಮಮ್ಮನ್ನ ಕರೆದಿದ್ದು ಸಾಕು. ಈ ಭಾನುವಾರ ಗುಜರಿಯವನನ್ನ ಕರೀತೀನಿ" ಎಂದಳು.

ನಾನು ಬೈಕಿಗೆ ಅಡ್ಡ ನಿಂತೆ. "ಬೈಕನ್ನ ಗುಜರಿಗೆ ಹಾಕ್ತೀಯಾ?"

"ಮತ್ತೆ ನಿಮ್ಮನ್ನ ಹಾಕಕ್ಕಾಗುತ್ತಾ? ಅವನು ತಗೊಳ್ಳಲ್ಲ."

ಅಂಗಲಾಚಿದೆ. ಹ್ಯಾಂಡಲ್ ಒಂದು ಬದಲಾಯಿಸಿದರೆ ಬೆನ್ನೂ ಉಳಿಯುತ್ತದೆ, ಬೈಕೂ ಉಳಿಯುತ್ತದೆ ಎಂದು ವಾದಿಸಿದೆ. ಕೊನೆಗೆ ಅವಳು ಕತ್ತರಿ ಕೆಳಗಿಟ್ಟು ತೀರ್ಪು ಕೊಟ್ಟಳು. ಭಾನುವಾರ ಗುಜರಿಯವನ ಎದುರಿಗೇ "ಅಮ್ಮಾ" ಅನ್ನದೆ ಬೀದಿ ಸುತ್ತಿ ಬಂದರೆ ಬೈಕು ಮನೆಯಲ್ಲಿರುತ್ತದೆ. "ಅಮ್ಮಾ" ಅಂದುಬಿಟ್ಟರೆ ಅವನ ಗಾಡಿ ಹತ್ತುತ್ತದೆ. "ನಮ್ಮಪ್ಪನ ಬೈಕಿನ ಹ್ಯಾಂಡಲ್ ಎಷ್ಟು ಚೆನ್ನಾಗಿತ್ತು, ನಾನು ಓಡಿಸ್ತಿದ್ದಾಗ ಒಂದು ದಿನಾನೂ ಬೆನ್ನು ನೋಯಲಿಲ್ಲ" ಎಂದೂ ಸೇರಿಸಿದಳು. (ಮಾವನವರ ಬೈಕು, ಮಾವನವರ ಛತ್ರಿ, ಮಾವನವರ ಹಲ್ಲು: ಎಲ್ಲವೂ ನನ್ನದಕ್ಕಿಂತ ಚೆನ್ನಾಗಿದ್ದವು. ಹಾಗಾಗಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.)

ಅಂಗಡಿಯಲ್ಲಿ ಸಿಗುವ ಹ್ಯಾಂಡಲ್ ಬೇಡ, ಮೈಗೆ ತಕ್ಕಂತೆ ಅಳತೆ ಕೊಟ್ಟು ಮಾಡಿಸೋಣ ಎಂಬ ಅಮೋಘ ಆಲೋಚನೆ ನನ್ನದೇ. ಹೊಲಿಗೆಯವಳ ಗಂಡನಿಗೆ ಇಷ್ಟೂ ಹೊಳೆಯದಿದ್ದರೆ ಹೇಗೆ?

"ಅಳತೆ ತಾನೆ? ನಾನು ತಗೊಳ್ತೀನಿ ಬನ್ನಿ" ಎಂದು ಅವಳು ಟೇಪು ಹಿಡಿದು ಬಂದಳು.

"ಇದು ಫ್ರಾಕಲ್ಲ ಕಣೇ, ಯಂತ್ರಶಾಸ್ತ್ರ. ಇಲ್ಲಿ ಕೊಡು" ಎಂದು ಟೇಪು ಕಿತ್ತುಕೊಂಡೆ. ಸೀಟಿನ ಮೇಲೆ ಕೂತು ಟೇಪನ್ನು ಹಿಡಿಕೆ ಇರಬೇಕಾದ ಜಾಗದವರೆಗೆ ಎಳೆದೆ. ಒಂದು ತುದಿ ಹಿಡಿದರೆ ಇನ್ನೊಂದು ಬೀಳುತ್ತದೆ. ಓದಲು ಬಗ್ಗಿದರೆ ಅಳತೆಯೇ ಬದಲಾಗುತ್ತದೆ. ನೆಟ್ಟಗೆ ಕೂತರೆ ಅಂಕಿ ಕಾಣಿಸುವುದಿಲ್ಲ. ಕೊನೆಗೆ ಇಳಿದು (ಅಮ್ಮಾ!) ಹೆಂಡತಿಗೆ ಹೇಳಿದೆ: "ನೀನು ಹತ್ತಿ ಕೂತ್ಕೋ. ನಾನು ಅಳೀತೀನಿ."

ಅವಳು ಕೂತು ಆರಾಮವಾಗಿ ಕೈ ಚಾಚಿದಳು. ನಾನು ಭುಜದಿಂದ ಮುಂಗೈಗೆ, ಸೊಂಟದಿಂದ ಹಿಡಿಕೆಗೆ, ಒಂದು ಕೈಯಿಂದ ಇನ್ನೊಂದು ಕೈಗೆ, ಒಂದೂ ಬಿಡದೆ ಅಳೆದೆ.

"ರೀ, ಒಂದು ಮಾತು..."

"ಮಾತಾಡಬೇಡ, ಭುಜ ಅಲ್ಲಾಡುತ್ತೆ. ನೆಟ್ಟಗೆ ಕೂತ್ಕೋ."

"ಅದಲ್ಲ, ಈ ಅಳತೆ..."

"ಹೊಲಿಗೆ ವಿಷಯದಲ್ಲಿ ನಾನು ಬಾಯಿ ಹಾಕ್ತೀನಾ?"

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಸುಮ್ಮನಾದಳು. ನನ್ನ ಸಂಸಾರದಲ್ಲಿ ಅಂಥ ಮೌನ ಅಪರೂಪ. ನಾನು ಅದನ್ನು ಗೆಲುವು ಎಂದುಕೊಂಡೆ.

ಪೈಪು ಬಗ್ಗಿಸುವ ವೆಲ್ಡಿಂಗ್ ಅಂಗಡಿಯವನು ಅಳತೆ ಕೇಳಿ, "ಯಾರಿಗೆ ಸಾರ್ ಇದು?" ಎಂದ. "ನನಗೇ" ಎಂದೆ. ಅವನೂ ಒಮ್ಮೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಸುಮ್ಮನೆ ಪೈಪು ಬಗ್ಗಿಸಿದ.

ಶನಿವಾರವಿಡೀ ಅಂಗಳದಲ್ಲಿ ಕೂತು ಹಳೆಯ ಹ್ಯಾಂಡಲ್ ಬಿಚ್ಚಿದೆ. ಕ್ಲಚ್ಚು, ಬ್ರೇಕಿನ ಹಿಡಿಗಳನ್ನು ಹೊಸದಕ್ಕೆ ವರ್ಗಾಯಿಸಿದೆ, ಉದ್ದನೆಯ ಕೇಬಲ್ಲುಗಳನ್ನು ಎಳೆದೆ, ಹಾರನ್ನಿನ ವೈರು ಜೋಡಿಸಿದೆ. ನಟ್ಟು ಬಿಗಿ ಮಾಡಿದ ಮೇಲೆ ಒಂದು ವಾಷರು ಮಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡೆ. ಎತ್ತರದ ಹ್ಯಾಂಡಲ್ ಹೊತ್ತ ಬೈಕು ಪಳಪಳ ಹೊಳೆಯುತ್ತಿತ್ತು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು.

ಭಾನುವಾರ ಗುಜರಿಯವನು ಹಗ್ಗದ ಸಮೇತ ಬಂದು ಗೇಟಿನ ಬಳಿ ನಿಂತ. ಹೆಂಡತಿ ಮೆಟ್ಟಿಲ ಮೇಲೆ ಕೂತು ಗುಂಡಿ ಹಾಕುತ್ತಿದ್ದಳು. ನಾನು ಗಾಂಭೀರ್ಯದಿಂದ ಬೈಕು ಹತ್ತಿದೆ. ಬೆನ್ನು ಗೋಡೆಯಂತೆ ನೆಟ್ಟಗೆ ನಿಂತಿತು. ಹಿಡಿಕೆಗಳು ಮಾತ್ರ ಯಾಕೋ ನನ್ನ ಪಕ್ಕೆಯ ಹತ್ತಿರವೇ ಇದ್ದವು, ಮೊಣಕೈ ಹಿಂದಕ್ಕೆ ಹೋಗಿತ್ತು. ಹೊಸತಲ್ಲವೆ, ಒಗ್ಗಿಕೊಳ್ಳುತ್ತದೆ ಎಂದುಕೊಂಡು ಹೊರಟೆ.

ನೇರ ರಸ್ತೆಯಲ್ಲಿ ನಾನು ಚಕ್ರವರ್ತಿ. ತೊಂದರೆಯೆಂದರೆ ನಮ್ಮ ಬೀದಿ ಕೊನೆಯಲ್ಲಿ ಎಡಕ್ಕೆ ತಿರುಗುತ್ತದೆ. ನಾನೂ ಎಡಕ್ಕೆ ತಿರುಗಿಸಿದೆ. ಎಡಗಡೆಯ ಹಿಡಿಕೆ ಸೀದಾ ಬಂದು ಹೊಟ್ಟೆಯಲ್ಲಿ ಹೂತುಕೊಂಡಿತು. ಹಾರನ್ನಿನ ಗುಂಡಿಯೂ ಒತ್ತಿಕೊಂಡಿತು. ಉಸಿರು ಬಿಟ್ಟರೆ ಹಾರನ್ ನಿಲ್ಲುತ್ತದೆ, ಎಳೆದುಕೊಂಡರೆ ಹೊಡೆಯುತ್ತದೆ. ಬಲಕ್ಕೆ ತಿರುಗಿಸೋಣವೆಂದರೆ ಆ ಕಡೆಯ ಹಿಡಿಕೆಯೂ ಹೊಟ್ಟೆಗೇ ಗುರಿಯಿಟ್ಟಿತ್ತು. ಹೀಗೆ ಎಡವೂ ಇಲ್ಲದೆ ಬಲವೂ ಇಲ್ಲದೆ, ಉಸಿರಿಗೊಮ್ಮೆ ಹಾರನ್ ಹೊಡೆಯುತ್ತಾ, ತಿರುವಿನಲ್ಲಿರುವ ನಿವೃತ್ತ ಹೆಡ್‌ಮಾಸ್ತರರ ತೆರೆದ ಗೇಟಿನೊಳಗೆ ಹೋಗಿ, ಹೂವಿನ ಕುಂಡಗಳ ನಡುವೆ ವಾಲಿಕೊಂಡು ನಿಂತೆ.

ಪೇಪರ್ ಓದುತ್ತಿದ್ದ ಮಾಸ್ತರರು ಕನ್ನಡಕ ಸರಿಮಾಡಿಕೊಂಡು, "ಗೇಟು ತೆಗೆದೇ ಇತ್ತಲ್ಲಪ್ಪ, ಇಷ್ಟೊಂದು ಹಾರನ್ ಯಾಕೆ?" ಎಂದರು.

"ಅಮ್ಮಾ" ಎಂದೆ.

ಗುಜರಿಯವನು ಹಗ್ಗ ಬಿಚ್ಚುತ್ತಾ ಬಂದ. ಹಿಂದೆಯೇ ನನ್ನ ಹೆಂಡತಿ. ಬೈಕಿನ ಗತಿ ಮುಗಿಯಿತು ಎಂದುಕೊಂಡೆ. ಅವಳು ನನ್ನನ್ನು ಇಳಿಸಿ ಪಕ್ಕಕ್ಕೆ ನಿಲ್ಲಿಸಿದಳು. ತಾನು ಹತ್ತಿ ಕೂತಳು. ಕೈ ಚಾಚಿದರೆ ಹಿಡಿಕೆಗಳು ಅಲ್ಲೇ ಇದ್ದವು, ಒಂದು ನೂಲಿನಷ್ಟೂ ಆಚೀಚೆ ಇಲ್ಲ.

"ಅವತ್ತು ಇದನ್ನೇ ಹೇಳಕ್ಕೆ ಬಂದೆ. ನನ್ನ ಅಳತೆ ತಗೊಂಡು ನಿಮಗೆ ಹೊಲಿಸಿದ್ರೆ ಹೇಗ್ರೀ ಹಿಡಿಸುತ್ತೆ?"

ಬೈಕು ಒಂದೇ ಒದೆತಕ್ಕೆ ಚಾಲೂ ಆಯಿತು. (ನನಗೆ ಯಾವತ್ತೂ ಆಗಿರಲಿಲ್ಲ.) ಅವಳು ಎಡಕ್ಕೆ ತಿರುಗಿ, ಬೀದಿ ಸುತ್ತಿ ಬಂದು ಗುಜರಿಯವನ ಮುಂದೆ ಗಕ್ಕನೆ ನಿಲ್ಲಿಸಿದಳು. "ಅಮ್ಮಾ ಅನ್ನದೆ ಸುತ್ತಿ ಬಂದಾಯ್ತು. ಬೈಕು ಇರುತ್ತೆ. ನೀನು ಆ ಹಳೇ ಹ್ಯಾಂಡಲ್ ತಗೊಂಡು ಹೋಗಪ್ಪ" ಎಂದಳು. ಖುಷಿಗೆ ನಾನು ಅಲ್ಲೇ ಕುಣಿದುಬಿಟ್ಟೆ. ಬೈಕು ಉಳಿದಿತ್ತು. ಯಾರಿಗೆ ಉಳಿಯಿತು ಎಂದು ಯೋಚಿಸುವಷ್ಟು ವ್ಯವಧಾನ ಆಗ ಇರಲಿಲ್ಲ.

ಈಗ ದಿನಾ ಬೆಳಿಗ್ಗೆ ಅವಳು ಗಿರಾಕಿಗಳ ಮನೆಗೆ ಬಟ್ಟೆ ಮುಟ್ಟಿಸಲು ಅದರಲ್ಲೇ ಹೋಗುತ್ತಾಳೆ. ದಾರಿಯಲ್ಲಿ ನನ್ನನ್ನು ಆಫೀಸಿಗೆ ಇಳಿಸುತ್ತಾಳೆ. ನಾನು ಬಟ್ಟೆಯ ಗಂಟನ್ನು ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಕೂತಿರುತ್ತೇನೆ. ಬೆನ್ನುನೋವು ಪೂರ್ತಿ ಹೋಗಿದೆ, ಅದನ್ನು ಒಪ್ಪಲೇಬೇಕು. ನಿನ್ನೆ ತಿರುವಿನಲ್ಲಿ, "ಸ್ವಲ್ಪ ನಿಧಾನ ಕಣೇ, ಒಂದು ಮಾತು..." ಎಂದೆ.

"ಮಾತಾಡಬೇಡಿ, ಗಾಡಿ ಅಲ್ಲಾಡುತ್ತೆ" ಎಂದಳು. "ನೆಟ್ಟಗೆ ಕೂತ್ಕೊಳ್ಳಿ."