ಚಿಗವ್ವನ ಕಾಲಿಗೆ ಎಷ್ಟು ತೆರಿಗೆ?

ನಮ್ಮ ಕಾಕಾನಿಗೆ ತೆರಿಗೆ ಕಟ್ಟುವ ಹುಚ್ಚು. ನೀವು ನಂಬುವುದಿಲ್ಲ, ಗೊತ್ತು. ತೆರಿಗೆ ತಪ್ಪಿಸುವ ಹುಚ್ಚು ಮನೆಗೊಬ್ಬರಿಗೆ ಇರುತ್ತದೆ, ಅದನ್ನು ಯಾರೂ ಹುಚ್ಚು ಎನ್ನುವುದೂ ಇಲ್ಲ! ಆದರೆ ‘ನನಗೆ ಕಡಿಮೆ ಹಾಕಿದ್ದೀರಿ, ಇನ್ನಷ್ಟು ತಗೊಳ್ಳಿ’ ಎಂದು ವಿಮಾನ ಕಂಪನಿಗೆ ಫೋನು ಹಚ್ಚಿ ಜಗಳ ತೆಗೆದವರನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಫೋನು ನನ್ನದೇ ಆಗಿತ್ತು.

ಕಾಕಾ ಶಿಗ್ಗಾಂವಿಯಲ್ಲಿ ಟೇಲರ್. ಟೇಪು ಅವನ ಕೊರಳಿನಿಂದ ಇಳಿದದ್ದನ್ನು ನಾನು ನೋಡಿಲ್ಲ. ಮದುವೆಗಳಲ್ಲಿ ಹಾರ ಹಾಕಿದರೂ ಟೇಪಿನ ಮೇಲೆಯೇ. ಜನರ ಹೆಸರು ಅವನಿಗೆ ನೆನಪಿರುವುದಿಲ್ಲ, ಅಳತೆ ಮಾತ್ರ ನೆನಪಿರುತ್ತದೆ. “ಯಾರು ತೀರಿಕೊಂಡ್ರಂತ? ಆ ಮೂವತ್ನಾಕು ಸೊಂಟದಾಂವನ? ಅಯ್ಯ ಪಾಪ, ಹ್ವಾದ ವರ್ಷ ಮೂವತ್ತೆರಡು ಇದ್ದ!”

ಒಮ್ಮೆ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿಗೂ ತನ್ನ ಮೊಣಕಾಲಿಗೂ ನಡುವೆ ಟೇಪು ಹಿಡಿದು, “ಕಂಡಕ್ಟರ್ ಸಾಹೇಬ್ರ, ಈ ಸೀಟು ಎರಡು ಇಂಚು ಬಿಗಿ ಹಿಡದೈತಿ” ಎಂದನಂತೆ. ಕಂಡಕ್ಟರ್ ತಲೆಯೆತ್ತದೆ, “ನಾಳೆ ಡಿಪೋಕ್ಕ ಬಂದು ಬಿಚ್ಚಿ ಹೊಲದು ಕೊಡ್ರಿ ಹಂಗಾರ” ಎಂದು ಟಿಕೆಟ್ ಹರಿದನಂತೆ. ಇದು ಹಾನಗಲ್ ಬಸ್ಸೇ ಹೌದೋ ಅಲ್ಲವೋ ನನಗೆ ಖಾತ್ರಿಯಿಲ್ಲ. ನಮ್ಮವ್ವ ಸವಣೂರು ಬಸ್ಸು ಎನ್ನುತ್ತಾಳೆ, ಅಕ್ಕ ಹಿರೇಕೆರೂರು ಎನ್ನುತ್ತಾಳೆ. ಬಸ್ಸು ಒಂದೇ, ಒಬ್ಬೊಬ್ಬರೂ ತಮಗೆ ಬೇಕಾದ ಊರಿಗೆ ಓಡಿಸುತ್ತಾರೆ. ಮುಂದೆ ಹೇಳುವುದಕ್ಕೂ ಇದೇ ಎಚ್ಚರಿಕೆ ಇರಲಿ.

ಕಾಕಾನಿಗೆ ಗೊತ್ತಿರುವ ನ್ಯಾಯ ಒಂದೇ: ಅಳತೆ ಹೆಚ್ಚಿದರೆ ಮಜೂರಿ ಹೆಚ್ಚು. ಹಾಫ್ ಪ್ಯಾಂಟಿಗೆ ಒಂದು ದರ, ಫುಲ್ ಪ್ಯಾಂಟಿಗೆ ಒಂದು. ಈ ನ್ಯಾಯ ವಿಮಾನದ ಮೆಟ್ಟಿಲು ಹತ್ತಿದ್ದು ಈ ಜೂನಿನಲ್ಲಿ. ಅವನ ಮಗಳು ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಚೊಚ್ಚಲ ಬಸುರಿ, ತವರಿಗೆ ಬರಬೇಕಾದವಳು. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ತವರೇ ಅಲ್ಲಿಗೆ ಹೋಗಬೇಕಾಯಿತು. ಅಂದರೆ ಚಿಗವ್ವ, ಕಾಕಾನ ಹೆಂಡತಿ. ಚಿಗವ್ವನ ಬಲಗಾಲು ಮೊಣಕಾಲಿನಲ್ಲಿ ಮಡಚುವುದಿಲ್ಲ. ಆಪರೇಷನ್ ಆದಾಗಿನಿಂದ ಅದು ಕೋಲಿನಂತೆ ನೆಟ್ಟಗೇ ನಿಂತಿದೆ. ರೈಲಿನಲ್ಲಿ ಬರ್ತ್ ಸಿಗಲಿಲ್ಲ. ಸಿಗುವವರೆಗೆ ಕಾದರೆ ಕೂಸೇ ಅಜ್ಜಿಯನ್ನು ಕರೆದೊಯ್ಯಲು ಯಲವಿಗಿ ಸ್ಟೇಷನ್ನಿಗೆ ಬರುತ್ತಿತ್ತು! ಹಾಗಾಗಿ ಹುಬ್ಬಳ್ಳಿಯಿಂದ ವಿಮಾನ, ಅದರಲ್ಲೂ ಹೆಚ್ಚು ದುಡ್ಡು ಕೊಟ್ಟು ಕಾಲು ಚಾಚುವ ಸೀಟು. ಅದು ಸಿಗದಿದ್ದರೆ ಚಿಗವ್ವ ಹೋಗುವ ಹಾಗೇ ಇಲ್ಲ.

ಟಿಕೆಟ್ ಮಾಡಿಸಿದವನು ನಾನು. ಬಿಲ್ಲನ್ನು ಅವನಿಗೆ ಓದಿ ಹೇಳಿದ್ದು ನನ್ನ ಮೊದಲ ತಪ್ಪು.

“ಟ್ಯಾಕ್ಸ್ ಎಷ್ಟು ಹಿಡದಾರ?”

“ಎಕಾನಮಿ ದರ, ಕಾಕಾ. ಬಿಜಿನೆಸ್ ಕ್ಲಾಸಿನವರಿಗೆ ಹೆಚ್ಚು, ಇವರಿಗೆ ಕಡಿಮಿ.”

“ಕಾಲು ಚಾಚಾಕ ಜಾಗಾ ಹೆಚ್ಚು ಕೊಟ್ಟಾರಲ್ಲ?”

“ಕೊಟ್ಟಾರ. ಆದ್ರೂ ಅದು ಎಕಾನಮಿನ.”

“ಅದ್ಹೆಂಗೋ? ಫುಲ್ ಪ್ಯಾಂಟ್ ಹೊಲಿಸಿ ಹಾಫ್ ಪ್ಯಾಂಟಿನ ಮಜೂರಿ ಕೊಟ್ಟಂಗಾತಲ್ಲ! ನಡುದಾರ್ಯಾಗ ಬಂದು ‘ಏಳವಾ ತಾಯಿ’ ಅಂದ್ರ ಆಕಿ ಎಲ್ಲಿ ಹೋಗಬೇಕು? ಆಕಾಶಕ್ಕೇನು ಕಟ್ಟಿ ಐತೇನು ಕುಂದ್ರಾಕ?”

ಅವನ ಬಾಯಿ ಮುಚ್ಚಿಸಲು ಮೊಬೈಲಿನಲ್ಲಿ ಹುಡುಕಿದ್ದು ಎರಡನೆಯ ತಪ್ಪು. ಇಂಗ್ಲೆಂಡಿನಲ್ಲಿ ಒಂದು ಸೀಟಿನಿಂದ ಇನ್ನೊಂದು ಸೀಟಿಗೆ ಇರುವ ಅಂತರ ನಲವತ್ತು ಇಂಚು ದಾಟಿದರೆ, ಕ್ಲಾಸಿನ ಹೆಸರು ಏನೇ ಇದ್ದರೂ ಪ್ರಯಾಣಿಕರ ತೆರಿಗೆ ಹೆಚ್ಚಂತೆ ಎಂದು ಓದಿಬಿಟ್ಟೆ. ಕಾಕಾನ ಮುಖ ಅರಳಿತು. ಟೇಪು ಹಿಡಿದು ತೆರಿಗೆ ಹಾಕುವ ದೇಶ! “ನೋಡು, ಅಲ್ಲೆ ಯಾರೋ ಟೇಲರ್ ಮಂತ್ರಿ ಆಗಿರಬೇಕು.”

ಕೂಡಲೇ ಚಿಗವ್ವನ ಕಾಲು ಅಳೆಯಲಾಯಿತು. ಅವಳು ರೊಟ್ಟಿ ಬಡಿಯುತ್ತಿದ್ದಳು, ಎತ್ತರದ ಕಟ್ಟೆಯ ಮುಂದೆ ನಿಂತೇ.

“ಸೊಂಟದಿಂದ ಹಿಮ್ಮಡಕ್ಕ ಮೂವತ್ತಾರು. ಹೊಲಿಗಿಗೆ ಎರಡು ಬಿಡು. ತಳಾ ಮಡಚಾಕ ಎರಡು. ನಲವತ್ತು!”

“ಕಾಲಿಗೆ ಎಂಥಾ ಹೊಲಿಗಿ ಕಾಕಾ?”

“ರೂಢಿ ಬಿಡಾಕ ಬರಂಗಿಲ್ಲ. ನಲವತ್ತು. ಗೆರಿ ಮ್ಯಾಲ ಐತಿ. ಆಕಿ ಒಂದು ಆಕಳಿಕಿ ತಗದ್ಲು ಅಂದ್ರ ದಾಟತೈತಿ!”

“ದಾಟಿದ್ರ ಕಾಲು ಇಲ್ಲೇ ಬಿಟ್ಟು ಹೋಗ್ತೇನಿ, ಇಟಗೊಂಡು ಕುಂದ್ರ್ರಿ” ಎಂದಳು ಚಿಗವ್ವ, ರೊಟ್ಟಿ ತಿರುವುತ್ತ.

ಆಮೇಲೆ ಫೋನು. ಕಂಪನಿಯ ಹುಡುಗಿ ಕನ್ನಡದವಳೇ. ಕಾಕಾ ‘ಟ್ಯಾಕ್ಸ್’ ಎನ್ನುವಷ್ಟರಲ್ಲಿ ಅವಳು, “ಸರ್, ಸೀಟಿನ ಹಣ ವಾಪಸ್ ಬರಲ್ಲ” ಎಂದಳು.

“ವಾಪಸ್ ಯಾರು ಕೇಳ್ಯಾರ ತಂಗಿ? ಹೆಚ್ಚಿಗಿ ತಗೋರಿ ಅನ್ನಾಕತ್ತೇನಿ!”

“ಸರ್, ನಿಮಗೆ ಏನು ತೊಂದರೆಯಾಗಿದೆ?”

“ತೊಂದರಿ ಆಗಿಲ್ಲ, ಅದ ತೊಂದರಿ!”

ಅವಳು ತನ್ನ ಮೇಲಿನವರಿಗೆ ಕೊಡುತ್ತೇನೆಂದು ಸಂಗೀತ ಹಚ್ಚಿ ಹೋದಳು. ಕಾಕಾ ಆ ಸಂಗೀತ ಕೇಳುತ್ತಲೇ ಒಂದು ಲಂಗ ಕತ್ತರಿಸಿ ಮುಗಿಸಿದ.

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಚಿಗವ್ವ ಗಾಲಿಕುರ್ಚಿಯಲ್ಲಿ ಕಾಲನ್ನು ಬಂದೂಕಿನಂತೆ ಮುಂದೆ ಚಾಚಿ ಒಳಗೆ ಹೋದಳು. ನಾವಿಬ್ಬರೂ ಗಾಜಿಗೆ ಮೂಗು ಒತ್ತಿ ನಿಂತೆವು. ಸ್ವಲ್ಪ ಹೊತ್ತಿಗೆ ಅವಳ ಫೋನು ಬಂತು.

“ಈ ಸೀಟು ಕೊಡಾಕ ಬರಂಗಿಲ್ಲ ಅನ್ನಾಕತ್ತಾರ್ರಿ.”

ಕಾಕಾ ನನ್ನ ಕೈಯಿಂದ ಫೋನು ಕಸಿದುಕೊಂಡ. “ನಾ ಬಡಕೊಂಡಿದ್ದಿಲ್ಲ? ಕೌಂಟರಿನಾಕಿಗೆ ಫೋನ್ ಕೊಡು! ತಂಗೀ, ಟ್ಯಾಕ್ಸ್ ಎಷ್ಟು ಹೆಚ್ಚಾತು ಹೇಳ್ರಿ, ಈಗಿಂದೀಗ ಕೊಡ್ತೇನಿ!”

ಕೌಂಟರಿನ ಹುಡುಗಿ ತಾಳ್ಮೆಯವಳು. “ಟ್ಯಾಕ್ಸ್ ಅಲ್ಲ ಸರ್. ಇದು ಎಮರ್ಜೆನ್ಸಿ ಬಾಗಿಲ ಪಕ್ಕದ ಸೀಟು. ಅಪಾಯ ಬಂದರೆ ಅಲ್ಲಿ ಕೂತವರೇ ಬಾಗಿಲು ತೆಗೀಬೇಕು. ಅಮ್ಮನ ಕಾಲು ಮಡಚಲ್ಲ.”

ಹಿಂದಿನಿಂದ ಚಿಗವ್ವನ ದನಿ: “ಮನ್ಯಾಗೂ ಬಾಗಲಾ ನಾನ ತಗೀತೇನವಾ. ಅವ್ರೆಲ್ಲಿ ಏಳ್ತಾರ?”

ತಪ್ಪು ನನ್ನದು. ಟಿಕೆಟ್ ಮಾಡುವಾಗ ಮೊಬೈಲಿನ ಪರದೆ ಏನೇನೋ ಕೇಳಿತ್ತು, ನಾನು ಎಲ್ಲದಕ್ಕೂ ಹೌದು ಎಂದಿದ್ದೆ. ಬೇರೆ ಸೀಟು ಸಿಗದಿದ್ದರೆ ಚಿಗವ್ವ ಶಿಗ್ಗಾಂವಿಗೆ ವಾಪಸ್, ಮಗಳು ದಿಲ್ಲಿಯಲ್ಲಿ ಒಬ್ಬಳೇ. ಕಾಕಾ ಗಾಜಿಗೆ ಇನ್ನಷ್ಟು ಒತ್ತಿಕೊಂಡ. ಪೊಲೀಸಿನವನು ಎರಡು ಸಲ ಹಿಂದೆ ಸರಿಸಿದ.

ಹುಡುಗಿ ಮತ್ತೆ ಫೋನಿಗೆ ಬಂದಳು. “ಮೊದಲನೇ ಸಾಲಿನಲ್ಲಿ ಒಬ್ಬರು ಬಿಟ್ಟುಕೊಟ್ಟಿದ್ದಾರೆ ಸರ್. ಅಲ್ಲೂ ಕಾಲು ಚಾಚಬಹುದು. ಅದೂ ಎಕಾನಮಿನೇ. ನೀವು ಏನೂ ಕೊಡೋದು ಬೇಡ.”

“ಏನೂ ಬ್ಯಾಡೇನ್ರಿ?” ಎಂದ ಕಾಕಾ. ಸಮಾಧಾನವಾದವನ ದನಿಯಲ್ಲ ಅದು.

ಹೊರಗೆ ಕಟ್ಟೆಯ ಮೇಲೆ ಕೂತೆವು. ಮುಂದಿನದನ್ನು ಅವನು ಅಲ್ಲೇ ಹೇಳಿದನೋ, ವಾಪಸಾಗುವಾಗ ಗಾಡಿಯಲ್ಲಿ ಹೇಳಿದನೋ, ನೆನಪನ್ನು ನಾನು ನಂಬುವುದಿಲ್ಲ. ಮಾತು ಮಾತ್ರ ಇದೇ.

“ಜನಾ ನನ್ನ ಟೇಲರ್ ಅಂತಾರ. ಇಪ್ಪತ್ತೆಂಟು ವರ್ಷ ನಾ ಬರೇ ಕತ್ತರಿಸೇನಿ. ಮಷೀನ್ ತುಳದಾಕಿ ಆಕಿ. ಬಲಗಾಲಿಲೆ. ಒಂದು ತಾಸೂ ಸುಮ್ಮ ಕುಂತಾಕಿ ಅಲ್ಲ. ಮೋಟಾರ್ ಹಚ್ಚೂದು ನನಗ ಹೊಳದಿದ್ದು ಯಾವಾಗ? ಕಾಲು ಹ್ವಾದ ಮ್ಯಾಲ. ಈಗ ಆ ಕಾಲಿನ ಮಜೂರಿ ಯಾರರ ತಗೋರಿ ಅಂದ್ರ, ಯಾರೂ ಏನೂ ತಗೊಳವಲ್ರು.”

ಸಂಜೆ ಶಿಗ್ಗಾಂವಿಯ ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮಿನ ಗದ್ದಲ. ಅದರ ನಡುವೆ ದಿಲ್ಲಿಯಿಂದ ಫೋನು ಬಂತು.

“ಬಂದು ಮುಟ್ಟೇನ್ರಿ.”

“ಕಾಲು?”

“ನೆಟ್ಟಗ ಚಾಚಿದ್ನಿ. ಮುಂದ ಬರೇ ಗೋಡಿ.”

“ಎರಡೂವರಿ ತಾಸು ಏನ ಮಾಡಿದಿ?”

“ಏನ ಮಾಡ್ಲಿ? ಸುಮ್ಮ ಕುಂತಿದ್ನಿ.”

ಕಾಕಾ ಫೋನು ಇಟ್ಟ. ಅಷ್ಟರಲ್ಲಿ ತನ್ನ ಮಗಳ ಯೂನಿಫಾರ್ಮಿನ ಬಟ್ಟೆ ಹಿಡಿದು ಒಬ್ಬ ಹೆಣ್ಣುಮಗಳು ಬಂದಳು. ಅವಳು ಯಾರೋ, ಯಾವ ಊರಿನವಳೋ. ಕಾಕಾ ಅಳತೆ ಕೇಳಲಿಲ್ಲ.

“ನಮ್ಮಾಕಿ,” ಎಂದ, “ಇವತ್ತು ಎರಡೂವರಿ ತಾಸು ಸುಮ್ಮ ಕುಂತಿದ್ಲಂತ್ರಿ.”