ಫೋನಿನೊಳಗಿನ ಹೂವಿನಂಗಡಿ

ಹೂವಿನ ಅಂಗಡಿಗೆ ಬೋರ್ಡು ಬೇಕಾಗಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಚಪ್ಪಲಿ ಅಂಗಡಿಗೆ ಬೇಕು, ಔಷಧದ ಅಂಗಡಿಗೆ ಬೇಕು, ಹೂವಿನದಕ್ಕೇಕೆ? ಗಿರಾಕಿ ಇನ್ನೂ ಓಣಿಯ ತಿರುವಿನಲ್ಲಿರುವಾಗಲೇ ಮಲ್ಲಿಗೆಯ ವಾಸನೆ ಹೋಗಿ ಕೈಹಿಡಿದು ಕರೆತರುತ್ತದೆ. ಈ ನಂಬಿಕೆಯ ಮೇಲೆ ನಾನೂ ನಮ್ಮ ಯಜಮಾನರೂ ಬಸವಕಲ್ಯಾಣದಲ್ಲಿ, ಕೋಟೆಗೆ ಹೋಗುವ ದಾರಿಯ ಬೇವಿನ ಮರದ ಕೆಳಗೆ, ಮದುವೆಯಾದ ವರ್ಷದಿಂದಲೂ ಹೆಸರೇ ಇಲ್ಲದ ಅಂಗಡಿಯೊಂದನ್ನು ನಡೆಸಿಕೊಂಡು ಬಂದೆವು. ಅವರು ಮಾಲೆ ಕಟ್ಟುತ್ತಾರೆ, ನಾನು ಮಾತಾಡುತ್ತೇನೆ. ಕೆಲಸವನ್ನು ಹೀಗೆ ಹಂಚಿಕೊಂಡಿದ್ದರಿಂದ ಇಬ್ಬರಿಗೂ ಬಿಡುವಿರಲಿಲ್ಲ. ಆದರೆ ಫೋನಿಗೆ ಮೂಗಿಲ್ಲ ಎಂಬ ಸಣ್ಣ ಸಂಗತಿ ಮಾತ್ರ ನನಗೆ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದವಳು ಎದುರುಮನೆಯ ಸುರೇಖಾ. ಅವಳ ಬಸುರಿ ಮಗಳ ಕುಬಸದ ದಿನ ಹುಮನಾಬಾದಿನಿಂದ ಒಂದು ಗಾಡಿ ಬಂತು. ತುಂಬ ಹೂವು. ಗಾಡಿಯವನು ನಮ್ಮ ಅಂಗಡಿಯ ಮುಂದೆಯೇ ನಿಲ್ಲಿಸಿ ಸುರೇಖಾಳ ಮನೆ ಯಾವುದೆಂದು ಕೇಳಿದ. ತೋರಿಸಿದವಳು ನಾನೇ! ಸಂಜೆ ಅರಿಶಿನ ಕುಂಕುಮಕ್ಕೆ ಹೋದಾಗ ತಡೆಯಲಾರದೆ ಕೇಳಿಬಿಟ್ಟೆ.

“ಹೂವು ಅಷ್ಟು ದೂರದಿಂದ ಯಾಕ ತರಿಸಿದಿ ತಂಗಿ? ನಾವು ಇಲ್ಲೇ ಇದ್ದೀವಲ್ಲ?”

“ನಮ್ಮ ಅಳಿಯಂದಿರು ಫೋನಿನ್ಯಾಗ ಹುಡುಕ್ಯಾರ್ರಿ ಅಕ್ಕೋರ. ಹುಮನಾಬಾದಿಂದೇ ಮೊದಲ ಬಂತಂತ.”

“ನಿಮ್ಮ ಕಟ್ಟಿ ಮ್ಯಾಲ ನಿಂತರ ನಮ್ಮ ಅಂಗಡಿ ಕಾಣಂಗಿಲ್ಲೇನು?”

“ಕಾಣತದ್ರಿ, ಯಾಕ ಕಾಣಂಗಿಲ್ಲ? ಆದರ ಫೋನಿನ್ಯಾಗ ಕಾಣವಲ್ದು.”

ಅವಳ ಮಾತಿನಲ್ಲಿ ಕೊಂಕು ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದ್ದದ್ದು ಕನಿಕರ. ಅದೇ ಹೊಟ್ಟೆ ಉರಿಸಿತು.

ಹುಮನಾಬಾದಿನ ಆ ಅಂಗಡಿ ಹೆದ್ದಾರಿಯ ಪಕ್ಕದಲ್ಲಿದೆ. ಗಾಜಿನ ಬಾಗಿಲು, ಒಳಗೆ ಎ.ಸಿ., ಹೂವಿಗೆ ಕೂಡ ಕೂರಲು ಕುರ್ಚಿ. ಎರಡು ಮದುವೆ ಸೀಸನ್ನುಗಳಿಂದ ನಮ್ಮೂರಿನ ಹಾರಗಳೆಲ್ಲ ಅಲ್ಲಿಂದಲೇ ಬರುತ್ತಿದ್ದುದೇಕೆಂದು ಈಗ ತಿಳಿಯಿತು. ಅದಕ್ಕಿಂತ ದೊಡ್ಡ ಪೆಟ್ಟು ಆ ವಾರವೇ ಬಿತ್ತು. ಆ ಅಂಗಡಿಯವರು ನಮ್ಮ ಯಜಮಾನರಿಗೆ, ಮಾಲೆ ಕಟ್ಟಲು ಬರುತ್ತೀರಾ, ತಿಂಗಳ ಪಗಾರ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. ಇವರು ಬಾಳೆನಾರು ಸೀಳುತ್ತಲೇ, “ಹೋಗೋಣೇನು? ಇಲ್ಲಿ ಕೂತು ನೊಣ ಹೊಡೆಯೋದರಾಗ ಏನದ?” ಎಂದರು. ಇವರು ಒಂದೇ ಸಲಕ್ಕೆ ಎರಡು ವಾಕ್ಯ ಆಡಿದರೆಂದರೆ ವಿಷಯ ಗಂಭೀರವೆಂದೇ ಅರ್ಥ. ಆ ಬೇವಿನ ಮರದ ಕೆಳಗೆ ಕೈಯ ಮೆಹಂದಿ ಮಾಸುವ ಮುನ್ನ ಬಂದು ಕೂತವಳು ನಾನು. ಅಂಗಡಿ ಮುಚ್ಚಿ ಇವರನ್ನು ಇನ್ನೊಬ್ಬರ ಗಾಜಿನೊಳಗೆ ಕೂರಿಸುವುದೆಂದರೇನು? “ಈ ಸೀಸನ್ ಮುಗಿಯೋತನಕ ತಡೀರಿ. ಅಷ್ಟರಾಗ ಫೋನಿನ್ಯಾಗ ನಾವೇ ಮೊದಲ ಬರಲಿಲ್ಲಂದ್ರ ನಾನೇ ನಿಮ್ಮ ಬುತ್ತಿ ಕಟ್ಟಿ ಕಳಸ್ತೀನಿ” ಎಂದೆ. ಇವರು ತಲೆಯಾಡಿಸಿ ಮಾಲೆಗೆ ಮರಳಿದರು.

ಹಟವೇನೋ ಹಿಡಿದಾಯಿತು, ದಾರಿ ಗೊತ್ತಿರಲಿಲ್ಲ. ಮೊಬೈಲ್ ರಿಪೇರಿಯ ಸಲೀಂ ಭಾಯಿಯ ಹತ್ತಿರ ಹೋದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, “ಭಾಳ ಆಸಾನ್ ಅದ ಅಕ್ಕಾ. ನಕ್ಷೆದಾಗ ಅಂಗಡಿ ಹಚ್ಚಬೇಕು. ಹೆಸರು, ಟೈಮು, ಫೋಟೋ ಹಾಕಬೇಕು. ಆಮ್ಯಾಲ ಗಿರಾಕಿ ಕಡಿಂದ ನಕ್ಷತ್ರ ಹಾಕಸಬೇಕು. ಐದಕ್ಕ ಐದು ಬಂದಷ್ಟು ಮ್ಯಾಲ ಏರತೀರಿ. ಯಾರರ ಕಮ್ಮಿ ಕೊಟ್ರ ಅದೇ ದಿನ ಅದರ ಕೆಳಗ ನಯವಾಗಿ ಕ್ಷಮಾ ಕೇಳಬೇಕು” ಎಂದರು. ಕೊನೆಯದೊಂದು ಬಿಟ್ಟು ಉಳಿದದ್ದೆಲ್ಲ ನನ್ನ ಸ್ವಭಾವಕ್ಕೆ ಒಗ್ಗುವಂಥದ್ದೇ.

ಹೆಸರಿಗೇ ಮೂರು ದಿನ ಹಿಡಿಯಿತು. ಇವರನ್ನು ಕೇಳಿದರೆ “ಏನರ ಇಡು” ಎಂದರು. ಫೋನಿನಲ್ಲಿ ಜನ ಏನೆಂದು ಹುಡುಕುತ್ತಾರೋ ಅದೇ ಹೆಸರಿನಲ್ಲಿರಲಿ ಎಂದು ‘ಬೇವಿನಗಿಡದ ಹೂವಿನಂಗಡಿ, ಬಸವಕಲ್ಯಾಣ’ ಎಂದಿಟ್ಟೆ. ನಕ್ಷೆಯ ಮೇಲೆ ಗುರುತು ಊರುವಾಗ ನನ್ನ ಬೆರಳು ಜಾರಿತೆಂದು ಕಾಣುತ್ತದೆ, ಮೊದಲ ಗಿರಾಕಿ ಕೆರೆಯ ದಂಡೆಯಿಂದ ಫೋನು ಮಾಡಿ, “ಮುಂದ ನೀರದ್ರಿ, ಈಸಿಕೊಂಡು ಬರ್ಬೇಕೇನು?” ಎಂದು ಕೇಳಿದರು. ಅದನ್ನು ಸರಿಪಡಿಸಿದೆ. ಫೋಟೋ ತೆಗೆಯಲು ಹೋದರೆ ಇವರು ಹಾರದ ಹಿಂದೆ ಮುಖ ಮುಚ್ಚಿಕೊಂಡರು. ಇರಲಿ, ಹಾರ ಚೆನ್ನಾಗಿ ಬಂದಿತ್ತು. ನಿರ್ಣಾ ಹಳ್ಳಿಯಿಂದ ಚೆಂಡುಹೂವಿನ ಬುಟ್ಟಿ ಇಳಿಯುವ ಹೊತ್ತಿಗೆ ದಿನಾ ಒಂದು ಫೋಟೋ ಏರಿಸತೊಡಗಿದೆ. ಹದಿನೈದು ದಿನಕ್ಕೆ ನಾರಾಯಣಪುರದ ಗುಡಿ ನೋಡಲು ಬಂದ ಕಾರಿನವರು ಫೋನು ನೋಡಿಕೊಂಡೇ ನಮ್ಮಲ್ಲಿಗೆ ಬಂದು ಪತ್ರಿ, ಹೂವು ಒಯ್ದರು. ನಾನು ಇವರ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಇನ್ನು ನಕ್ಷತ್ರಗಳು. ಮೊಳ ಮಲ್ಲಿಗೆ ಅಳೆದು ಕೊಡುವ ಮೊದಲು ಗಿರಾಕಿಯ ಫೋನು ಕೇಳುವುದು ನನ್ನ ರೂಢಿಯಾಯಿತು. ಕೆಲವರು ಹೂವಿಗಿಂತ ಹೆಚ್ಚಾಗಿ ನನ್ನಿಂದ ಬಿಡುಗಡೆಗಾಗಿ ಐದು ಒತ್ತಿದರೆಂದು ಈಗ ಅನ್ನಿಸುತ್ತದೆ. ಅಂತೂ ಐದರ ಸಾಲು ಬೆಳೆಯಿತು; ನಾವು ಹತ್ತನೆಯವರಿಂದ ಮೂರನೆಯವರಾದೆವು. ಆಗ ಒಂದು ದಿನ ಒಂಟಿ ನಕ್ಷತ್ರ ಬಂದು ಕೂತಿತು. ಮರುದಿನ ಇನ್ನೊಂದು. ವಾರದಲ್ಲಿ ಆರು! ಎಲ್ಲ ನಮ್ಮ ಓಣಿಯ ಹೆಂಗಸರವೇ. ಮೊದಲನೆಯದು ಶಾಂತಾಬಾಯಿ ಆಯಿಯದು. ದಿನಾ ಬೆಳಿಗ್ಗೆ ನಮ್ಮಲ್ಲೇ ಪೂಜೆಯ ಹೂವು ಒಯ್ಯುವ ಮುದುಕಿ. ನೇರವಾಗಿ ಅವರ ಮನೆಗೆ ನುಗ್ಗಿದೆ.

“ಆಯಿ, ನಮ್ಮ ಹೂವು ಬಾಡಿತ್ತೇನ್ರಿ? ಮೊಳ ಕಮ್ಮಿ ಬಂತೇನ್ರಿ?”

“ಏ ಹುಚ್ಚಿ, ನಿನ್ನಂಥ ಹೂವು ಯಾರ ಕೊಡತಾರ? ಎಲ್ಲಾರೂ ಐದ ಐದ ಹಾಕಾಕತ್ತಾರ. ಅಂಗಡಿಗೆ ನೆದರ ಹತ್ತಂಗಿಲ್ಲೇನು? ಚಂದ ಇದ್ದ ಕೂಸಿನ ಗಲ್ಲಕ್ಕ ಕರಿ ಬೊಟ್ಟು ಇಡಂಗಿಲ್ಲ? ಹಂಗ ಒಂದು ಇಟ್ಟೀನಿ. ಓಣ್ಯಾಗಿನ ಹೆಣಮಕ್ಕಳಿಗೂ ಹೇಳೀನಿ, ನೀವೂ ಇಡ್ರಿ ಅಂತ.”

ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು, ನಾನು ಪಿಯುಸಿ ಓದಿದವಳು ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಆಯಿ ಎಲೆಗೆ ಸುಣ್ಣ ಹಚ್ಚುತ್ತ ಶಾಂತವಾಗಿ ಕೇಳಿದರು; ನಕ್ಷತ್ರ ಮಾತ್ರ ಕದಲಿಸಲಿಲ್ಲ. ಕೊನೆಗೆ ಒಪ್ಪಂದವಾಯಿತು. ನಾನು ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಬೇಕು. ಅವರು ಆರೂ ಜನ ಐದು ಒತ್ತಬೇಕು. ಪಿಯುಸಿ ಓದಿದವಳು ಸ್ಟೂಲು ಹತ್ತಿ ನಿಂಬೆಹಣ್ಣು ಕಟ್ಟುವುದನ್ನು ಇವರು ಕೆಳಗಿನಿಂದ ನೋಡಿದರು, ಸ್ಟೂಲು ಹಿಡಿದುಕೊಂಡರು.

ಸೀಸನ್ನು ಏರುವ ಹೊತ್ತಿಗೆ ನಾವು ಮೊದಲನೆಯವರಾದೆವು. ಅಷ್ಟೇ ಅಲ್ಲ, ಹುಮನಾಬಾದಿನಿಂದಲೇ ಫೋನು ಬಂತು: ಅಲ್ಲಿನ ಕಾರ್ಖಾನೆಯೊಂದರ ಅಧಿಕಾರಿಗಳ ಮಗಳ ಮದುವೆ, ಮಂಟಪದಿಂದ ಜಡೆಯವರೆಗೆ ಎಲ್ಲ ಹೂವು ನಮ್ಮದೇ. “ಪಗಾರಕ್ಕ ಕರೆದೋರಿಗೆ ಬರಂಗಿಲ್ಲ ಅಂತ ಹೇಳಿ ಬಿಡ್ತೀನಿ” ಎಂದರು ಇವರು. ನನಗೆ ಕಣ್ಣು ತುಂಬಿ ಬಂತು. ಅಂಗಡಿ ಉಳಿಯಿತು.

ಮರುದಿನವೇ ಶುರುವಾಯಿತು. ಬೆಳಿಗ್ಗೆ ಹೂವಿನ ಗಾಡಿ ದಾರಿಯಲ್ಲಿ ಪಂಕ್ಚರ್. ಹತ್ತು ಗಂಟೆಗೆ ಗುಲಾಬಿ ಇಟ್ಟ ಫ್ರಿಜ್ಜು ಗುರ್ ಎಂದು ಸತ್ತಿತು. ಮಧ್ಯಾಹ್ನ ಸೂಜಿ ನನ್ನ ಹೆಬ್ಬೆರಳಿಗೆ ಇಳಿಯಿತು. ನಾನು ನಂಬುವವಳಲ್ಲ, ಆದರೂ ಲೆಕ್ಕ ಲೆಕ್ಕವೇ: ಓಣಿಯ ಅಂಗಡಿಗೇನೋ ನಿಂಬೆಹಣ್ಣಿದೆ, ಫೋನಿನಲ್ಲಿರುವ ಅಂಗಡಿಗೆ? ಅದನ್ನು ಜಿಲ್ಲೆಯೇ ನೋಡುತ್ತಿದೆಯಲ್ಲ! ಇವರು ಉಂಡು ಮಲಗಿದ್ದರು. ಅವರ ಫೋನು ತೆಗೆದು, ಆಚೀಚೆ ನೋಡಿ, ನಮ್ಮ ಅಂಗಡಿಗೆ ಒಂದು ನಕ್ಷತ್ರ ಒತ್ತಿಬಿಟ್ಟೆ.

ನಕ್ಷತ್ರದ ಜೊತೆಗೆ ಒತ್ತಿದವರ ಹೆಸರೂ ಬರುತ್ತದೆಂಬುದು ಆ ಗಳಿಗೆಯಲ್ಲಿ ಮರೆತಿತ್ತು. ನಾಲ್ಕು ಗಂಟೆಗೆ ಸಲೀಂ ಭಾಯಿ ಓಡಿ ಬಂದರು. “ಅಕ್ಕಾ, ಮನ್ಯಾಗ ಎಲ್ಲಾ ಬರೋಬ್ಬರಿ ಅದ ಇಲ್ಲೋ? ಭಾವನೋರೇ ಒಂದು ಕೊಟ್ಟಾರಲ್ಲ!” ಐದು ಗಂಟೆಗೆ ಸುರೇಖಾ ಬಂದು ನನ್ನ ಕೈ ಹಿಡಿದು ನಿಟ್ಟುಸಿರು ಬಿಟ್ಟು ಎರಡು ಮೊಳ ಹೆಚ್ಚಿಗೆ ಒಯ್ದಳು. ಶಾಂತಾಬಾಯಿ ಆಯಿಯಂತೂ ಇವರನ್ನು ಎದುರಿಗೆ ನಿಲ್ಲಿಸಿಕೊಂಡು, “ಹೇಣ್ತಿ ದುಡಿಮಿಗೆ ಹಿಂಗ ಮಾಡತಾರೇನೋ ತಮ್ಮಾ?” ಎಂದು ಬೈದರು. ನಿಜ ಹೇಳಿದರೆ ಆಯಿಯ ಮುಂದೆ ನನ್ನ ಅರ್ಧ ಗಂಟೆಯ ಭಾಷಣ ನುಂಗಬೇಕಾಗುತ್ತಿತ್ತು. ನಾನು ಸುಮ್ಮನಿದ್ದೆ. ಇವರೂ ಸುಮ್ಮನಿದ್ದರು. ಸುಮ್ಮನಿರುವುದು ಅವರಿಗೆ ಅಭ್ಯಾಸ. ನನಗಲ್ಲ. ಸಲೀಂ ಭಾಯಿ ಕದಲಲಿಲ್ಲ. ಕಮ್ಮಿ ನಕ್ಷತ್ರಕ್ಕೆ ಅದೇ ದಿನ ಉತ್ತರ ಬರೆಯಲೇಬೇಕು ಎಂದು ಕೂತರು. ಎಲ್ಲರ ಎದುರಿಗೆ ಬರೆದೆ: ‘ನಮ್ಮಿಂದ ತಮಗಾದ ತೊಂದರೆಗೆ ದಯವಿಟ್ಟು ಕ್ಷಮಿಸಿರಿ. ಇನ್ನು ಮುಂದೆ ತಿದ್ದಿಕೊಳ್ಳುತ್ತೇವೆ.’

ಎಲ್ಲರೂ ಹೋದ ಮೇಲೆ ಇವರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಮತ್ತೊಮ್ಮೆ ಓದಿದರು. “ಲಗ್ನಾಗಿ ಇಪ್ಪತ್ತಾರು ವರ್ಷ ಆಯ್ತು. ನೀ ನನಗ ಕ್ಷಮಾ ಕೇಳಿದ್ದು ಇದೇ ಮೊದಲು” ಎಂದರು.

ಮದುವೆ ಚೆನ್ನಾಗಿ ಆಯಿತು, ಫ್ರಿಜ್ಜೂ ರಿಪೇರಿಯಾಯಿತು, ನಾವು ಇನ್ನೂ ಮೊದಲನೆಯವರೇ. ಆ ಒಂಟಿ ನಕ್ಷತ್ರವನ್ನು ಅಳಿಸಿರಿ ಎಂದು ನಾನು ದಿನಾ ಗೋಗರೆಯುತ್ತೇನೆ. ಇವರು ಮಾಲೆಯಿಂದ ತಲೆಯೆತ್ತದೆ ಹೇಳುತ್ತಾರೆ: “ಸಲೀಂ ಭಾಯಿಗೆ ಕೇಳೀನಿ. ನಕ್ಷತ್ರ ಅಳಿಸಿದರ ಅದರ ಕೆಳಗಿನ ನಿನ್ನ ಕ್ಷಮಾನೂ ಅಳಿಸಿ ಹೋಗತದಂತ. ಇರಲಿ ಬಿಡು.”